ಹಳೆ ಜೀಪ್ ಪಿಕಪ್‌ಗೆ ಬೇರೆ ಸ್ಟೇರಿಂಗ್ ಕಾಲಂ: ಯಾವುದು ತರಬೇಕು?

ಕೋಟೆಬೆಟ್ಟ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಗಾಡಿ ವಿಲ್ಲೀಸ್ ಮೂಲದ ಹಳೆ ಮಹೀಂದ್ರಾ ಜೀಪು, ಹಿಂದೆ ಪಿಕಪ್ ಬಾಡಿ. ಬಲಗಡೆ ಸ್ಟೇರಿಂಗ್, ಪವರ್ ಇಲ್ಲ. ಪೆಟ್ರೋಲ್ ಇಂಜಿನ್ ಹೋಗಿ ಡೀಸೆಲ್ ಬಂದೈತಿ, ಆರ್‌.ಸಿ.ಯಲ್ಲೂ ಹಂಗೇ ಐತಿ. ಸ್ಟೇರಿಂಗ್ ವೀಲ್ ಹಿಡಿದು ಮೇಲೆ ಕೆಳಗೆ ಎಳೆದರೆ ಐದಾರು ಮಿ.ಮೀ. ಆಡತೈತಿ. ಅಡ್ಡ ಅಲುಗಾಡಿಸಿದರೆ ಡ್ಯಾಶ್‌ಬೋರ್ಡ್ ಕ್ಲಾಂಪ್ ಹತ್ತಿರ ಟಕಟಕ ಸದ್ದು. ವೀಲ್‌ನಿಂದ ಕೆಳಗಿನ ಸ್ಟೇರಿಂಗ್ ಬಾಕ್ಸ್‌ಗೆ ಇಳಿಯೋ ಕಂಬ ಐತಲ್ಲ, ಅದೇ ಕಾಲಂ, ಅದರ ಹೊರಗಿನ ಪೈಪು ಕ್ಲಾಂಪ್ ಜಾಗದಾಗ ನೆಗ್ಗೈತಿ. ನೇರ ರಸ್ತೆಯಾಗ ವೀಲ್ ಸುಮಾರು ತಿರುಗಿದ ಮೇಲೇ ಗಾಲಿ ಮಾತು ಕೇಳೋದು.

ಮೂರು ದಾರಿ ಕಾಣ್ತಾವ. ಗುಜರಿಯಿಂದ ಇದೇ ಮಾದರಿಯ ಕಾಲಂ ತರೋದು. ಪವರ್ ಸ್ಟೇರಿಂಗ್ ಇರೋ ಹೊಸ ಪೀಳಿಗೆಯ ಗಾಡಿಯ ಜಾಯಿಂಟ್ (ಶಾಫ್ಟು ಬಾಗಿ ತಿರುಗೋ ಕೀಲು) ಇರೋ ಕಾಲಂ ಕೂರಿಸೋದು. ಇಲ್ಲಾ ಅಮೆರಿಕದಾಗ ಹಳೆ ಪಿಕಪ್‌ಗಳಿಗೆ ಮಾರತಾರಲ್ಲ, ಆ ಟಿಲ್ಟ್ (ವೀಲ್ ಮೇಲೆ ಕೆಳಗೆ ಬಾಗಿಸೋ) ಕಾಲಂ ತರಿಸೋದು. ಆರ್‌.ಸಿ. ನವೀಕರಣ ಹತ್ತಿರ ಐತಿ. ಯಾವುದು ತರಲಿ?

ಕರಿನೆಲ, ರಾಯಚೂರು

ಅಣ್ಣಾ, ಏನೂ ತರೋಕಿಂತ ಮುಂಚೆ ತೊಂದರೆ ಎಲ್ಲಿ ಅದ ಅಂತ ಬೇರ್ಪಡಿಸಿಕೊಳ್ರಿ. ನೀವು ಹೇಳಿದ್ದು ಮೂರು ಬೇರೆ ಬೇರೆ ಕಾಯಿಲೆ. ಕಾಲಂ ಬದಲಿಸಿದರ ಅದರಾಗ ಒಂದೇ ಹೋಗ್ತದ.

ನಿಮ್ಮ ಗಾಡಿಯಾಗ ಇರೋದು ರಾಸ್ ಮಾದರಿಯ ಕ್ಯಾಮ್-ಲಿವರ್ ಬಾಕ್ಸ್, ಅಂದ್ರ ತಿರುಪಿನಂಥ ಕ್ಯಾಮ್ ತಿರುಗಿ ಲಿವರ್‌ನ ಪಿನ್ ದೂಡೋ ಸ್ಟೇರಿಂಗ್ ಬಾಕ್ಸ್. ಇದರಾಗ ಸ್ಟೇರಿಂಗ್ ವೀಲ್‌ನಿಂದ ಬಾಕ್ಸ್ ಒಳಗಿನ ಕ್ಯಾಮ್ ತನಕ ಒಂದೇ ಶಾಫ್ಟು, ನಡುವೆ ಜಾಯಿಂಟ್ ಇಲ್ಲ. ಹೊರಗಿನ ಪೈಪು ಬರೀ ಕವಚ. ಕೆಳಗೆ ಬಾಕ್ಸಿನ ಕುತ್ತಿಗಿಗೆ ಕ್ಲಾಂಪ್ ಆಗಿರ್ತದ, ಮೇಲೆ ಶಾಫ್ಟಿಗೆ ಒಂದು ಬೇರಿಂಗ್ ಹಿಡಕೊಂಡಿರ್ತದ. ಅದಕ್ಕ ವೀಲ್ ಮೇಲೆ ಕೆಳಗೆ ಆಡಿತು ಅಂದ್ರ ಅದು ಪೈಪಿನ ತಪ್ಪಲ್ಲ. ಕ್ಯಾಮ್‌ನ ಎರಡೂ ತುದಿಯ ಬೇರಿಂಗ್ ಸಡಿಲ ಆಗ್ಯಾವ. ಅಡ್ಡ ಅಲುಗಾಟ ಮೇಲಿನ ಬೇರಿಂಗ್‌ದು. ತಿರುಗೋ ಆಟ (ವೀಲ್ ತಿರುಗಿದರೂ ಗಾಲಿ ಹೊರಳದ ಸಡಿಲ) ಬಾಕ್ಸಿನ ಲಿವರ್ ಪಿನ್, ಬೆಲ್ ಕ್ರ್ಯಾಂಕ್ (ಚಲನೆಯ ದಿಕ್ಕು ಬದಲಿಸೋ ನಡುವಿನ ತೋಳು), ಟೈ ರಾಡ್ ಎಂಡ್ (ಗಾಲಿಗಳನ್ನ ತಿರುಗಿಸೋ ಅಡ್ಡ ಸರಳಿನ ತುದಿ), ಕಿಂಗ್ ಪಿನ್ (ಗಾಲಿ ಹೊರಳೋ ಕೀಲು) ಇವುಗಳದು. ಒಂದೇ ತುಂಡಿನ ಶಾಫ್ಟ್ ತಾನಾಗಿ ತಿರುಗೋ ಆಟ ಕೊಡೋಕೆ ಆಗೋದೇ ಇಲ್ಲ, ವೀಲ್ ಬಾಸ್‌ನ (ವೀಲ್ ನಡುವಿನ ತೂತಿನ) ಹಲ್ಲು ತಿಂದುಹೋಗಿದ್ದರ ಬಿಟ್ಟು.

ಪರೀಕ್ಷೆ ಹಿಂಗ ಮಾಡ್ರಿ. ಗಾಲಿ ನೆಲದ ಮ್ಯಾಲೇ ಇರಲಿ. ಒಬ್ಬರು ಮೇಲೆ ಕೂತು ವೀಲ್ ಅತ್ಲಾಗ ಇತ್ಲಾಗ ಸಣ್ಣಗೆ ಆಡಿಸಲಿ, ಒಬ್ಬರು ಕೆಳಗೆ ಮಲಗಿ ಒಂದೊಂದೇ ಕೊಂಡಿ ಮ್ಯಾಲೆ ಕೈಯಿಟ್ಟು ನೋಡಲಿ. ಶಾಫ್ಟ್ ತಿರುಗಿ ಡ್ರಾಪ್ ಆರ್ಮ್ (ಬಾಕ್ಸಿನಿಂದ ಹೊರಗೆ ಬರೋ ತೋಳು) ಸುಮ್ಮನಿದ್ದರ ತಪ್ಪು ಬಾಕ್ಸಿನದು. ಡ್ರಾಪ್ ಆರ್ಮ್ ಆಡಿ ಟೈ ರಾಡ್ ಆಡದಿದ್ದರ ಡ್ರ್ಯಾಗ್ ಲಿಂಕ್ (ಡ್ರಾಪ್ ಆರ್ಮ್‌ನಿಂದ ಬೆಲ್ ಕ್ರ್ಯಾಂಕ್‌ಗೆ ಹೋಗೋ ಸರಳು) ಇಲ್ಲಾ ಬೆಲ್ ಕ್ರ್ಯಾಂಕ್. ಬಾಕ್ಸೇ ಚಾಸಿ ಮ್ಯಾಲೆ ಹೊರಳಾಡಿದರ ಬೋಲ್ಟ್ ಸಡಿಲ, ಇಲ್ಲಾ ಚಾಸಿ ಬಿರುಕು. ಬೋಲ್ಟ್ ಸುತ್ತ ಮಣ್ಣು ಕೆರೆದು ನೋಡ್ರಿ, ಬಿರುಕು ಮಣ್ಣಿನ ಅಡಿಯಾಗೇ ಅಡಗಿರ್ತದ.

ಸಂಡೂರು ಘಾಟ್

ಬೆಲ್ ಕ್ರ್ಯಾಂಕ್ ಮೊದಲು ನೋಡಿ. ಈ ಜೀಪುಗಳಲ್ಲಿ ಅರ್ಧ ಆಟ ಅಲ್ಲೇ ಇರುತ್ತೆ. ಅದಿರಿನ ಧೂಳು ಬುಶ್ ಒಳಗೆ ಸೇರಿ ಗ್ರೀಸಿನ ಜೊತೆ ಕಲೆತರೆ ಮರಳು ಕಾಗದದ ಕೆಲಸ ಮಾಡುತ್ತೆ.

ಕೋಟೆಬೆಟ್ಟ, ಬಳ್ಳಾರಿ

ನೋಡಿದ್ವಿ. ಬೆಲ್ ಕ್ರ್ಯಾಂಕ್ ಪಿನ್ ಆಡತೈತಿ, ಅದನ್ನ ಬದಲಿಸಬೇಕು. ಚಾಸಿ ಬಿರುಕಿಲ್ಲ. ಶಾಫ್ಟ್ ತಿರುಗಿ ಡ್ರಾಪ್ ಆರ್ಮ್ ತಡವಾಗಿ ಬರತೈತಿ, ಅಂದ್ರೆ ಬಾಕ್ಸ್‌ನಾಗೂ ಐತಿ. ಬಾಕ್ಸ್ ಬಿಗಿ ಮಾಡಿದರೆ ಸಾಕಾ?

ಕರಿನೆಲ, ರಾಯಚೂರು

ಮಾಡಿ ನೋಡ್ರಿ, ಆದರೆ ಕ್ರಮ ತಪ್ಪಬಾರದು. ಮೊದಲು ಡ್ರ್ಯಾಗ್ ಲಿಂಕ್ ಕಳಚ್ರಿ. ಪಕ್ಕದ ಕವರಿನ ಸ್ಕ್ರೂ ಸಡಿಲ ಬಿಡ್ರಿ. ಆಮೇಲೆ ಮೇಲಿನ ಕವರಿನ ಕೆಳಗಿನ ಶಿಮ್‌ಗಳನ್ನ (ತೆಳು ಲೋಹದ ಹಾಳೆಗಳನ್ನ) ಒಂದೊಂದಾಗಿ ತೆಗೀರಿ, ತೆಳ್ಳಂದು ಮೊದಲು. ಪ್ರತಿ ಸಲ ಕವರ್ ಬಿಗಿ ಮಾಡಿ ವೀಲ್ ತಿರುಗಿಸಿ ನೋಡ್ರಿ. ಮೇಲೆ ಕೆಳಗಿನ ಆಟ ಹೋಗಬೇಕು, ವೀಲ್ ಮಾತ್ರ ಹಗುರಾಗೇ ತಿರುಗಬೇಕು. ಇದಾದ ಮ್ಯಾಲೇ ಪಕ್ಕದ ಸ್ಕ್ರೂ. ವೀಲ್ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತು ಎಣಿಸಿ, ಅದರ ಅರ್ಧಕ್ಕ ನಿಲ್ಲಿಸಿ, ಅಲ್ಲಿ ಸ್ವಲ್ಪ ಬಿಗಿ ತಗಲೋ ತನಕ ತಿರುಗಿಸಿ ಲಾಕ್ ನಟ್ ಹಾಕ್ರಿ. ಕ್ಯಾಮ್ ನಡುಮಧ್ಯದಾಗ ಎತ್ತರ ಇರೋ ಹಂಗ ಕಡೆದಿರ್ತಾರ. ನಡುವೆ ಬಿಗಿ, ಎರಡೂ ಕಡೆ ಹೋದಂಗ ಸಡಿಲ, ಇದೇ ಸರಿ. ಎಲ್ಲಾ ಕಡೆ ಒಂದೇ ಬಿಗಿ ಮಾಡಿದರ ನಡುವೆ ಕ್ಯಾಮ್ ಕಚ್ಚಿ ಹಾಳಾಗ್ತದ, ತಿರುವಿನಾಗ ವೀಲ್ ತಾನಾಗಿ ವಾಪಸ್ ಬರೋದಿಲ್ಲ.

ಬಾಕ್ಸ್‌ಗೆ ಗ್ರೀಸ್ ತುಂಬಿದ್ದರ ತೆಗೆದು 90ರ ಗೇರ್ ಆಯಿಲ್ ಹಾಕ್ರಿ. ಸೋರ್ತದ ಅಂತ ಗ್ರೀಸ್ ತುಂಬೋ ರೂಢಿ ಬಹಳ ಅದ. ಕ್ಯಾಮ್ ಒಮ್ಮೆ ಗ್ರೀಸನ್ನ ಬದಿಗೆ ತಳ್ಳಿದರ ಅದು ಮತ್ತ ಹರಿದು ಬರೋದಿಲ್ಲ, ಪಿನ್ ಒಣಗಿ ತಿಂದುಹೋಗ್ತದ.

ಶಿಮ್ ಎಲ್ಲಾ ತೆಗೆದರೂ ಆಟ ಉಳಿದರ, ಇಲ್ಲಾ ತಿರುಗಿಸುವಾಗ ಗರಗರ ಅಂದ್ರ, ಕ್ಯಾಮ್ ಮುಗೀತು. ಆಗ ಮಾತ್ರ ಬೇರೆ ಕಾಲಂ ಮಾತು.

ಗಂಗಾವತಿ ಲೇತ್

ಬದಲಿಸುವುದೇ ಆದರೆ ಆಯ್ಕೆಯನ್ನು ಕೆಳಗಿನಿಂದ ಶುರು ಮಾಡಿ. ಎಲ್ಲರೂ ಮೇಲಿನಿಂದ ನೋಡುತ್ತಾರೆ: ವೀಲ್ ಚೆಂದ ಇದೆಯಾ, ಟಿಲ್ಟ್ ಇದೆಯಾ, ಇಂಡಿಕೇಟರ್ ಸ್ವಿಚ್ ಬಂದಿದೆಯಾ ಎಂದು. ಕಾಲಂ ಕೂರುತ್ತದೋ ಇಲ್ಲವೋ ನಿರ್ಧಾರವಾಗುವುದು ಬಾಕ್ಸಿನ ಒಳಶಾಫ್ಟಿನ ಹಲ್ಲಿನಲ್ಲಿ. ಬಾಕ್ಸ್ ಯಾವುದು, ಅದು ಚಾಸಿಯಲ್ಲಿ ಎಲ್ಲಿ ಕೂರುತ್ತದೆ, ಅದರ ಶಾಫ್ಟ್ ಯಾವ ಕಡೆ ಮುಖ ಮಾಡಿದೆ ಇಷ್ಟು ಗೊತ್ತಾದ ಮೇಲೆ ಕಾಲಂ ತಾನಾಗಿ ಆಯ್ಕೆಯಾಗುತ್ತದೆ.

ಹಲ್ಲು ಅಳೆಯುವಾಗ ಕಣ್ಣಂದಾಜು ಬೇಡವೇ ಬೇಡ. ವರ್ನಿಯರ್‌ನಲ್ಲಿ ಹೊರವ್ಯಾಸ ಹಿಡಿಯಿರಿ. ಒಂದು ಹಲ್ಲಿಗೆ ಬಣ್ಣ ಹಚ್ಚಿ ಸುತ್ತಲೂ ಎಣಿಸಿ, ಅಥವಾ ಕಾಗದ ಸುತ್ತಿ ಪೆನ್ಸಿಲ್ ಉಜ್ಜಿದರೆ ಗೆರೆಗಳು ಮೂಡುತ್ತವೆ, ಅವನ್ನು ಎಣಿಸುವುದು ಸುಲಭ. ಅಮೆರಿಕದ ಬಾಕ್ಸ್‌ಗಳಲ್ಲಿ ಮುಕ್ಕಾಲು ಇಂಚಿನ, ಅಂದರೆ 19.05 ಮಿ.ಮೀ. ಶಾಫ್ಟಿಗೆ 30 ಹಲ್ಲಿನದೂ ಇದೆ, 36 ಹಲ್ಲಿನದೂ ಇದೆ. ದೂರದಿಂದ ಎರಡೂ ಒಂದೇ. ಒಂದರ ಜಾಯಿಂಟ್ ಇನ್ನೊಂದಕ್ಕೆ ಸುತ್ತಿಗೆಯಲ್ಲಿ ಬಡಿದರೆ ಸ್ವಲ್ಪ ದೂರ ಹೋಗಿ ಕಚ್ಚಿಕೊಳ್ಳುತ್ತದೆ, ಬೋಲ್ಟೂ ಬಿಗಿಯಾಗುತ್ತದೆ. ಆದರೆ ಹಿಡಿತ ನಾಲ್ಕಾರು ಹಲ್ಲಿನ ಮೇಲಷ್ಟೇ ಇರುತ್ತದೆ. ಒಂದು ದಿನ ಎಲ್ಲವೂ ಒಟ್ಟಿಗೆ ಸವೆದು ವೀಲ್ ಖಾಲಿ ತಿರುಗುತ್ತದೆ.

ನಮ್ಮ ಗಾಡಿಗಳಲ್ಲೂ ಹಲ್ಲಿನ ಲೆಕ್ಕ ಎಲ್ಲದಕ್ಕೂ ಒಂದೇ ಅಂದುಕೊಳ್ಳಬೇಡಿ. ಅದಕ್ಕೇ ಗುಜರಿಯಲ್ಲಿ ಕಾಲಂ, ನಡುವಿನ ಶಾಫ್ಟ್, ಎರಡೂ ಜಾಯಿಂಟ್, ಬಾಕ್ಸ್, ಡ್ರಾಪ್ ಆರ್ಮ್ ಇಷ್ಟನ್ನೂ ಒಂದೇ ಗಾಡಿಯಿಂದ ಸೆಟ್ ಆಗಿ ತನ್ನಿ. ಸ್ಟೇರಿಂಗ್ ವೀಲ್ ಕೂಡ. ಬಿಡಿಬಿಡಿಯಾಗಿ ತಂದು ಉಳಿಸುವ ದುಡ್ಡು ಲೇತ್ ಕೆಲಸಕ್ಕೆ ಹೋಗುತ್ತದೆ.

ಕೋಟೆಬೆಟ್ಟ, ಬಳ್ಳಾರಿ

ಹಳೆ ಬಾಕ್ಸ್ ಉಳಿಸಿಕೊಂಡು, ಶಾಫ್ಟನ್ನ ಬಾಕ್ಸಿನ ಮೇಲೆ ಒಂದು ಗೇಣು ಬಿಟ್ಟು ಕತ್ತರಿಸಿ, ಅಲ್ಲಿ ಜಾಯಿಂಟ್ ಹಾಕಿ ಹೊಸ ಕಾಲಂ ಸೇರಿಸಬಹುದಾ ಅಣ್ಣ? ಇಲ್ಲೊಬ್ಬರು ವೆಲ್ಡಿಂಗ್ ಮಾಡಿಕೊಡ್ತೀನಿ ಅಂದಾರ.

ಗಂಗಾವತಿ ಲೇತ್

ಬೇಡ ತಮ್ಮಾ. ಆ ಶಾಫ್ಟ್ ಗಟ್ಟಿ ಸರಳಲ್ಲ, ಕೊಳವೆ. ಹಾರನ್ ವೈರ್ ಅದರೊಳಗಿಂದಲೇ ಇಳಿಯುತ್ತದೆ. ಜಾಯಿಂಟಿಗೆ ಬೇಕಾದ ಚಪ್ಪಟೆ ಮುಖ ಎರಡು ಕಡೆ ಕೊರೆದರೆ ಗೋಡೆ ತೆಳುವಾಗಿ ತಿರುಚಿಕೊಳ್ಳುತ್ತದೆ. ಜಾಯಿಂಟನ್ನು ನೇರ ವೆಲ್ಡ್ ಮಾಡಿದರೆ ವೆಲ್ಡಿನ ಅಂಚಿನಲ್ಲಿ ಉಕ್ಕು ಪೆಡಸಾಗಿ ಅಲ್ಲೇ ಬಿರುಕು ಶುರು. ಬ್ರೇಕ್ ಹೋದರೆ ಹ್ಯಾಂಡ್ ಬ್ರೇಕ್ ಇದೆ, ಗೇರ್ ಇದೆ. ಸ್ಟೇರಿಂಗ್ ಹೋದರೆ ಏನೂ ಇಲ್ಲ. ಆ ಜಾಗದಲ್ಲಿ ಊರ ವೆಲ್ಡಿಂಗ್ ಒಪ್ಪಬೇಡಿ, ಎಷ್ಟೇ ಒಳ್ಳೆ ಕೈಯಾದರೂ.

ಇನ್ನೊಂದು ವಿಷಯ. ಬಾಕ್ಸಿನ ಎಣ್ಣೆ ಮೇಲೆ ಬಂದಾಗ ತಡೆಯುವುದು ಆ ಹೊರಪೈಪೇ. ಪೈಪು ಕತ್ತರಿಸಿದ ಮೇಲೆ ಅಲ್ಲಿ ಸೀಲ್ ಕೂರಿಸಲು ಬೇರೆ ಕವರ್ ಕಡೆಯಬೇಕು, ಇಲ್ಲದಿದ್ದರೆ ಎಣ್ಣೆಯೆಲ್ಲ ಹೊರಗೆ.

ಸಿರುಗುಪ್ಪ ಗದ್ದೆದಾರಿ

ಟಿಲ್ಟ್ ಕಾಲಂ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ಶೆವರ್ಲೆ ಸಿ-10, ಫೋರ್ಡ್ ಎಫ್-100 ಪಿಕಪ್‌ಗಳಿಗೆ ಸಿಗುವ ಬದಲಿ ಕಾಲಂಗಳು 28, 30, 32, 33 ಇಂಚು ಹೀಗೆ ಉದ್ದದ ಲೆಕ್ಕದಲ್ಲಿ ಬರುತ್ತವೆ. ಕೆಳತುದಿ 1 ಇಂಚು ವ್ಯಾಸದ ಶಾಫ್ಟಿನ ಸುತ್ತ 48 ಹಲ್ಲು, ಅಥವಾ ಎರಡು ಕಡೆ ಚಪ್ಪಟೆ ಮಾಡಿದ ಶಾಫ್ಟ್. ಆ ಗಾಡಿಗಳಿಗೆ ಅದು ಒಳ್ಳೆಯದೇ, ಏಕೆಂದರೆ ಅಲ್ಲಿ ಜಾಯಿಂಟು, ಬ್ರಾಕೆಟ್ಟು, ನೆಲದ ಪ್ಲೇಟು ಎಲ್ಲವೂ ಅದೇ ಅಳತೆಗೆ ಅಂಗಡಿಯಲ್ಲಿ ಸಿಗುತ್ತವೆ.

ನಮಗೆ ಸರಿಹೊಂದುವುದಿಲ್ಲ. ಅವು ಎಡಗಡೆ ಸ್ಟೇರಿಂಗ್ ಗಾಡಿಗೆ ಮಾಡಿದವು. ಕಾಲಂ ಗೇರ್ ಇದ್ದರೆ ಅದರ ಲಿವರ್ ಬಲಗಡೆ, ನಮ್ಮಲ್ಲಿ ಬಾಗಿಲ ಕಡೆಗೆ ಬರುತ್ತದೆ. ಗೇರ್ ಇಲ್ಲದ ಕಾಲಂ ತಂದರೂ ವೀಲ್ ಕೂರುವ ತುದಿ ಅವರ ಮಾದರಿ, ಕೆಳಗಿನ ಹಲ್ಲು ಅವರ ಮಾದರಿ. ಎರಡೂ ಕಡೆ ಅಡಾಪ್ಟರ್ ಬೇಕು. ನಾಳೆ ಇಂಡಿಕೇಟರ್ ಸ್ವಿಚ್ ಒಡೆದರೆ ಅದೂ ಸಮುದ್ರ ದಾಟಿಯೇ ಬರಬೇಕು. ಬಳ್ಳಾರಿಯ ಅಂಗಡಿಯಲ್ಲಿ ಸಿಗುವ ಸ್ವಿಚ್ಚು ಕೂರುವ ಕಾಲಂ ಹಾಕಿಕೊಳ್ಳುವುದು ಮೇಲು.

ಆದರೆ ಅವರಿಂದ ಒಂದು ವಿಷಯ ಕಲಿಯಬೇಕು. ನಿಮ್ಮ ಒಂದೇ ತುಂಡಿನ ಶಾಫ್ಟ್ ಮುಂದಿನ ಬಾಕ್ಸಿನಿಂದ ನೇರ ಎದೆಗೆ ಗುರಿಯಿಟ್ಟಿದೆ. ಮುಂದೆ ಡಿಕ್ಕಿಯಾಗಿ ಬಾಕ್ಸ್ ಹಿಂದೆ ಸರಿದರೆ ವೀಲ್ ಅಷ್ಟೇ ಹಿಂದೆ ಬರುತ್ತದೆ. ಜನರಲ್ ಮೋಟಾರ್ಸ್ 1967ರ ಮಾದರಿಗಳಿಂದ ಡಿಕ್ಕಿಯ ಏಟಿಗೆ ಕುಸಿಯುವ ಕಾಲಂ ತಂದಿತು. 1968ರ ಜನವರಿ 1ರಿಂದ ಅಮೆರಿಕದ ಕಾರುಗಳಿಗೆ ಅದರ ನಿಯಮವೇ ಬಂತು: ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿ ಪರೀಕ್ಷೆಯಲ್ಲಿ ಕಾಲಂ 127 ಮಿ.ಮೀ.ಗಿಂತ ಹೆಚ್ಚು ಹಿಂದೆ ಬರಬಾರದು. ಹಾಗಾಗಿ ಬದಲಿಸುವ ಖರ್ಚು ಮಾಡುವುದಿದ್ದರೆ ಜಾಯಿಂಟ್ ಇರುವ, ಕುಸಿಯುವ ಕಾಲಂಗೇ ಮಾಡಿ. ಹಳೆಯದರ ಹಾಗೆಯೇ ಇರುವ ಇನ್ನೊಂದು ಸರಳು ತಂದು ಹಾಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಕರಿನೆಲ, ರಾಯಚೂರು

ಒಪ್ಪಿದೆ. ಗುಜರಿಯಾಗ ಅಂಥ ಕಾಲಂ ಆರಿಸುವಾಗ ಒಂದು ಎಚ್ಚರ. ಕುಸಿಯೋ ಕಾಲಂ ಒಮ್ಮೆ ಕುಸಿದಿದ್ದರ ಅದು ಮುಗಿದ ಸಾಮಾನು. ಮುಂಭಾಗ ನುಜ್ಜುಗುಜ್ಜಾದ ಗಾಡಿದು ಮುಟ್ಟಲೇಬೇಡ್ರಿ, ಹಿಂದಿನಿಂದ ಗುದ್ದಿಸಿಕೊಂಡ ಗಾಡಿದು ಹುಡುಕ್ರಿ. ಒಳಶಾಫ್ಟ್ ಎರಡು ತುಂಡು ಒಂದರೊಳಗೊಂದು ಕೂತು ಪ್ಲಾಸ್ಟಿಕ್ ಪಿನ್‌ನಾಗ ಹಿಡಿದಿರ್ತದ. ಎರಡು ತುದಿ ಹಿಡಿದು ಎಳೆದು ತಳ್ಳಿ ನೋಡ್ರಿ, ಜಗ್ಗಿದರ ಪಿನ್ ಮುರಿದದ ಅಂತ. ಡ್ಯಾಶ್‌ಬೋರ್ಡ್ ಬ್ರಾಕೆಟ್ ಕೂರೋ ಜಾಗದಾಗ ಜಾರೋ ಬಿಲ್ಲೆ ಇರೋ ಮಾದರಿಯಾದರ ಎರಡೂ ಬಿಲ್ಲೆ ಅಲುಗದೆ ಕೂತಿರಬೇಕು.

ವೀಲ್ ಬಿಚ್ಚುವಾಗ ಶಾಫ್ಟಿನ ತುದಿಗೆ ಸುತ್ತಿಗೆ ಹಾಕಬ್ಯಾಡ್ರಿ, ಗುಜರಿಯವರಿಗೂ ಹಾಕಲಿಕ್ಕೆ ಬಿಡಬ್ಯಾಡ್ರಿ. ಎರಡು ಏಟಿಗೆ ಒಳಗಿನ ಪ್ಲಾಸ್ಟಿಕ್ ಕತ್ತರಿಸ್ತದ. ಪುಲ್ಲರ್ (ವೀಲ್ ಎಳೆದು ಬಿಚ್ಚೋ ಸಾಧನ) ಒಯ್ರಿ. ಕಾಲಂ ಉದ್ದ ಆಯ್ತು ಅಂತ ಕತ್ತರಿಸಿ ವೆಲ್ಡ್ ಮಾಡೋದೂ ಬ್ಯಾಡ, ಕಾವಿಗೆ ಪ್ಲಾಸ್ಟಿಕ್ ಕರಗ್ತದ. ಉದ್ದ ಹೊಂದಿಸೋದು ನಡುವಿನ ಜಾರೋ ಶಾಫ್ಟಿನಾಗ ಮಾತ್ರ.

ಗಂಗಾವತಿ ಲೇತ್

ಬಾಕ್ಸ್ ಕೂರಿಸುವ ಲೆಕ್ಕ ಹೇಳುತ್ತೇನೆ. ಮೊಟ್ಟಮೊದಲು ದಿಕ್ಕು. ನಿಮ್ಮ ಈಗಿನ ಬಾಕ್ಸಿನಲ್ಲಿ ವೀಲ್ ಬಲಕ್ಕೆ ತಿರುಗಿಸಿದರೆ ಡ್ರಾಪ್ ಆರ್ಮ್ ತುದಿ ಮುಂದಕ್ಕೆ ಹೋಗುತ್ತದೋ ಹಿಂದಕ್ಕೋ ಗುರುತು ಹಾಕಿಕೊಳ್ಳಿ. ಗುಜರಿಯಲ್ಲಿ ಬಾಕ್ಸನ್ನು ನಿಮ್ಮ ಚಾಸಿಯಲ್ಲಿ ಕೂರುವ ಭಂಗಿಯಲ್ಲೇ ಹಿಡಿದು ಶಾಫ್ಟ್ ತಿರುಗಿಸಿ ನೋಡಿ. ಉಲ್ಟಾ ಇದ್ದರೆ ಬಲಕ್ಕೆ ತಿರುಗಿಸಿದಾಗ ಗಾಡಿ ಎಡಕ್ಕೆ ಹೋಗುತ್ತದೆ.

ಬಾಕ್ಸ್ ಬೋಲ್ಟ್ ಚಾಸಿಯ ಎರಡೂ ಗೋಡೆ ದಾಟುವುದಾದರೆ ಒಳಗೆ ದಪ್ಪ ಪೈಪಿನ ತುಂಡು ತೂರಿಸಿ. ಇಲ್ಲದೆ ಬಿಗಿ ಮಾಡಿದರೆ ಗೋಡೆ ಒಳಗೆ ಕುಸಿಯುತ್ತದೆ, ಬೋಲ್ಟ್ ಎಂದೂ ಬಿಗಿ ನಿಲ್ಲುವುದಿಲ್ಲ. ಹೊರಗೆ 8 ಮಿ.ಮೀ. ಪ್ಲೇಟ್. ಬೋಲ್ಟ್ ತಲೆಯ ಮೇಲೆ 8.8 ಅಥವಾ 10.9 ಎಂಬ ಗಟ್ಟಿತನದ ಗುರುತು ಇರಬೇಕು. ಚಾಸಿ ನಂಬರ್ ಹೊಡೆದ ಜಾಗದ ಹತ್ತಿರ ತೂತು, ವೆಲ್ಡಿಂಗ್, ಗ್ರೈಂಡಿಂಗ್ ಯಾವುದೂ ಬೇಡ.

ಇನ್ನು ಜಾಯಿಂಟ್. ವೀಲ್ ಕೂರುವ ಜಾಗದಲ್ಲಿ ಕಾಲಂ ತಾತ್ಕಾಲಿಕವಾಗಿ ಕಟ್ಟಿ, ಅದರ ಕೆಳತುದಿಯಿಂದ ಬಾಕ್ಸ್ ಶಾಫ್ಟ್ ತನಕ ದಾರ ಎಳೆದು ಎರಡೂ ಕಡೆ ಕೋನ ನೋಡಿ. ಒಂದು ಜಾಯಿಂಟಿಗೆ 30 ಡಿಗ್ರಿ ದಾಟಬಾರದು. ಒಂದೇ ಜಾಯಿಂಟ್ 30 ಡಿಗ್ರಿಯಲ್ಲಿ ಕೆಲಸ ಮಾಡಿದರೆ ವೀಲ್ ಒಂದೇ ವೇಗದಲ್ಲಿ ತಿರುಗಿದರೂ ಬಾಕ್ಸ್ ಶಾಫ್ಟ್ ಅದರ 0.87ರಿಂದ 1.15 ಪಟ್ಟಿನ ನಡುವೆ ಏರಿಳಿಯುತ್ತದೆ. ಒಂದು ಸುತ್ತಿನಲ್ಲಿ ಎರಡು ಸಲ ಭಾರ, ಎರಡು ಸಲ ಹಗುರ. ಎರಡು ಜಾಯಿಂಟ್ ಹಾಕಿ, ಕೋನ ಎರಡಕ್ಕೂ ಸಮ ಹಂಚಿ, ನಡುವಿನ ಶಾಫ್ಟಿನ ಎರಡೂ ಕವಲು (ಜಾಯಿಂಟ್ ಹಿಡಿಯುವ ಇಬ್ಬಾಗದ ತುದಿ) ಒಂದೇ ಸಾಲಿನಲ್ಲಿಟ್ಟರೆ ಒಂದರ ಏರಿಳಿತವನ್ನು ಇನ್ನೊಂದು ಕಳೆಯುತ್ತದೆ. ಕವಲು ಕಾಲು ಸುತ್ತು ತಪ್ಪಿದರೆ ದುಪ್ಪಟ್ಟಾಗುತ್ತದೆ. ಪವರ್ ಸ್ಟೇರಿಂಗ್ ಹಾಕಿದ ಮೇಲೆ ‘ಪಂಪ್ ಸರಿಯಿಲ್ಲ, ಬಿಟ್ಟುಬಿಟ್ಟು ಭಾರ’ ಅನ್ನುವ ದೂರಿನಲ್ಲಿ ಮೊದಲು ಇದನ್ನೇ ನೋಡಬೇಕು.

ಮೂರು ಜಾಯಿಂಟ್ ಬೇಕಾಗಿ ಬಂದರೆ ನಡುವೆ ಶಾಫ್ಟ್ ಹಿಡಿಯಲು ಚಾಸಿಗೆ ಕಟ್ಟಿದ ಬೇರಿಂಗ್ ಬೇಕೇಬೇಕು. ಇಲ್ಲದಿದ್ದರೆ ನಡುಭಾಗ ಮಡಚಿಕೊಂಡು ಕುಣಿಯುತ್ತದೆ.

ಶಾಫ್ಟಿನ ತುದಿ ಜಾಯಿಂಟಿನ ಒಳಗೆ ಇಣುಕಬಾರದು, ನಡುವಿನ ಕ್ರಾಸಿಗೆ (ಎರಡು ಕವಲು ಸೇರಿಸುವ ಅಡ್ಡ ತುಂಡಿಗೆ) ತಾಗಿ ಹಿಡಿಯುತ್ತದೆ. ಒತ್ತು ಸ್ಕ್ರೂ ಇರುವ ಜಾಯಿಂಟಾದರೆ ಸ್ಕ್ರೂ ಕೂರುವ ಕಡೆ ಶಾಫ್ಟಿಗೆ ಸಣ್ಣ ಗುಳಿ ಕೊರೆದು, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಹಚ್ಚಿ, ಮೇಲೆ ಲಾಕ್ ನಟ್. ನಡುವಿನ ಶಾಫ್ಟ್ ಜಾರುವಂತಿರಬೇಕು. ಬಾಡಿ ರಬ್ಬರ್ ಮೇಲೆ ಕೂತಿದೆ, ಬಾಕ್ಸ್ ಚಾಸಿಯ ಮೇಲೆ. ಹೊಲದ ದಾರಿಯಲ್ಲಿ ಇವೆರಡೂ ಬೇರೆ ಬೇರೆ ಆಡುತ್ತವೆ. ಜಾರುವಿಕೆ ಇಲ್ಲದಿದ್ದರೆ ಆ ಏಟೆಲ್ಲ ಬಾಕ್ಸಿನ ಬೇರಿಂಗಿಗೆ.

ಸಂಡೂರು ಘಾಟ್

ಶಾಫ್ಟು, ಜಾಯಿಂಟು ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ಒಂದು ಇಂಚಾದರೂ ದೂರ ಇರಲಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವಾಗ ಬಾನೆಟ್ ಕೆಳಗಿನ ರಬ್ಬರ್ ಬೇಗ ಪೆಡಸಾಗುತ್ತೆ. ನೆಲದ ತೂತಿಗೆ ಎರಡು ಹೋಳಿನ ಪ್ಲೇಟ್ ಹಾಕಿ ಅದರ ಮೇಲೆ ರಬ್ಬರ್ ಬೂಟು ಬಿಗಿಯಿರಿ. ಕಾಲಂನ ಕೆಳಬೇರಿಂಗ್ ಸಾಯೋದು ಧೂಳಿಗೇ.

ಕೋಟೆಬೆಟ್ಟ, ಬಳ್ಳಾರಿ

ಎಲ್ಲರಿಗೂ ಧನ್ಯವಾದ. ಚಾಬಿ ವಿಷಯ ಉಳೀತು. ಈಗ ಚಾಬಿ ಡ್ಯಾಶ್‌ಬೋರ್ಡ್ ಮೇಲೈತಿ. ಹೊಸ ಕಾಲಂನಾಗ ಚಾಬಿ, ಸ್ಟೇರಿಂಗ್ ಲಾಕ್ ಎರಡೂ ಇರ್ತಾವಲ್ಲ. ಹಂಗೇ ಬಳಸಲಾ?

ಸಿರುಗುಪ್ಪ ಗದ್ದೆದಾರಿ

ಇದು ಬಹಳ ಮುಖ್ಯ. ಹಳೆ ಡೀಸೆಲ್‌ನಲ್ಲಿ ಇಂಜಿನ್ ನಿಲ್ಲುವುದು ಎಳೆಯುವ ಕೇಬಲ್‌ನಿಂದ, ಚಾಬಿಯಿಂದ ಅಲ್ಲ. ಚಾಬಿ ತಿರುಗಿಸಿ ತೆಗೆದರೂ ಇಂಜಿನ್ ಓಡುತ್ತಲೇ ಇರುತ್ತದೆ, ಗಾಡಿ ಉರುಳುತ್ತಲೇ ಇರುತ್ತದೆ. ಕಾಲಂ ಚಾಬಿ ಹಾಕಿದ ಗಾಡಿಯಲ್ಲಿ ಯಾರಾದರೂ ಹಾಗೆ ತೆಗೆದರೆ ಮುಂದಿನ ತಿರುವಿನಲ್ಲಿ ಸ್ಟೇರಿಂಗ್ ಲಾಕ್ ಆಗುತ್ತದೆ. ಎರಡರಲ್ಲಿ ಒಂದು ಮಾಡಿ: ಇಂಜಿನ್ ನಿಲ್ಲಿಸುವ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ಸಾಧನ) ಹಾಕಿಸಿ ಚಾಬಿಗೆ ಸೇರಿಸಿ, ಇಲ್ಲವೇ ಚಾಬಿ ಡ್ಯಾಶ್‌ಬೋರ್ಡಿನಲ್ಲೇ ಉಳಿಸಿ ಕಾಲಂನ ಲಾಕ್ ಪಿನ್ ಪೂರ್ತಿ ಹೊರತೆಗೆಯಿರಿ. ಬರೀ ಚಾಬಿ ಬ್ಯಾರೆಲ್ ತೆಗೆದು ಪಿನ್ ಒಳಗೇ ಬಿಟ್ಟರೆ ಸ್ಪ್ರಿಂಗ್ ಒಂದು ದಿನ ಅದನ್ನು ಹೊರಗೆ ದೂಡುತ್ತದೆ.

ಹಾರನ್ ಕೂಡ. ನಡುವೆ ರಬ್ಬರ್ ಕಪ್ಲಿಂಗ್ ಇದ್ದರೆ ಅರ್ಥ್ ಕಡಿದುಹೋಗುತ್ತದೆ. ರಬ್ಬರ್‌ನ ಎರಡೂ ಕಡೆ ಸೇರುವಂತೆ ಹೆಣೆದ ತಾಮ್ರದ ಪಟ್ಟಿ ಹಾಕಿ. ಆ ರಬ್ಬರ್ ಕಪ್ಲಿಂಗ್ ನಡುಕ ತಡೆಯಲು ಇರುವುದು, ಕೋನ ತಿರುಗಿಸಲು ಅಲ್ಲ.

ಕರಿನೆಲ, ರಾಯಚೂರು

ನವೀಕರಣದ ಲೆಕ್ಕ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 98ನೇ ನಿಯಮ: ಸ್ಟೇರಿಂಗ್ ವೀಲ್‌ನಾಗ ಆಟ 30 ಡಿಗ್ರಿ ಮೀರಬಾರದು, ಕೊಂಡಿಯ ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೊಪ್ಪಿಗಿ ಇರಬೇಕು, ಬೋಲ್ಟು ಪಿನ್ನು ಲಾಕ್ ಆಗಿರಬೇಕು. 400 ಮಿ.ಮೀ. ವೀಲ್‌ಗೆ 30 ಡಿಗ್ರಿ ಅಂದ್ರ ಅಂಚಿನಾಗ ಸುಮಾರು 105 ಮಿ.ಮೀ. ಅದು ಕಾನೂನಿನ ಕೊನೇ ಗೆರೆ, ಚಲೋ ಸ್ಟೇರಿಂಗ್‌ನ ಗುರುತಲ್ಲ. ಈ ಜೀಪಿಗೆ 25-30 ಮಿ.ಮೀ.ಗೆ ತರಬಹುದು. ಹರಿದ ಟೊಪ್ಪಿಗಿ, ಇಲ್ಲದ ಸ್ಪ್ಲಿಟ್ ಪಿನ್ ಕಣ್ಣಿಗೆ ಮೊದಲು ಬೀಳೋ ಸಾಮಾನು, ಮರೀಬ್ಯಾಡ್ರಿ. ಗುಜರಿ ಸಾಮಾನಿಗೆ ಬಿಲ್ ತಗೊಂಡಿಟ್ಟುಕೊಳ್ರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌.ಸಿ.ಯಾಗ ಬರೆದ ವಿವರ ಬದಲಾಗೋ ಮಾರ್ಪಾಡಿನ ಬಗ್ಗೆ ಅದ. ಹೊರಡೋ ಮುಂಚೆ ಆರ್‌.ಟಿ.ಓ. ಕಚೇರಿಯಾಗ ಒಂದು ಮಾತು ಕೇಳಿಬಿಡ್ರಿ.

ಕೋಟೆಬೆಟ್ಟ, ಬಳ್ಳಾರಿ

ಸರಿ. ಮೊದಲು ಬೆಲ್ ಕ್ರ್ಯಾಂಕ್, ಮೇಲಿನ ಬೇರಿಂಗ್, ಶಿಮ್. ಕ್ಯಾಮ್ ಹೋಗಿದ್ದರೆ ಪೂರ್ತಿ ಸೆಟ್ ಒಂದೇ ಗಾಡಿಯಿಂದ. ಕೂರಿಸಿದ ಮೇಲೆ ವೀಲ್ ಸೊಟ್ಟ ನಿಂತರೆ ಬಿಚ್ಚಿ ಒಂದು ಹಲ್ಲು ಸರಿಸಿ ಹಾಕಿದರೆ ಆಯ್ತಲ್ಲ?

ಗಂಗಾವತಿ ಲೇತ್

ಆಗುವುದಿಲ್ಲ. ಗಾಲಿ ನೇರ ಇದ್ದಾಗ ಬಾಕ್ಸ್ ತನ್ನ ನಡುಮಧ್ಯದಲ್ಲೇ ಇರಬೇಕು, ಆಟ ಕಡಿಮೆ ಇರುವುದು ಅಲ್ಲಿ ಮಾತ್ರ. ವೀಲ್ ಸರಿಸಿದರೆ ಕಣ್ಣಿಗೆ ನೇರ ಕಾಣುತ್ತದೆ, ಬಾಕ್ಸ್ ಮಾತ್ರ ಪಕ್ಕದ ಸಡಿಲ ಜಾಗದಲ್ಲಿ ಓಡುತ್ತದೆ. ಬಾಕ್ಸನ್ನು ಸುತ್ತು ಎಣಿಸಿ ಅರ್ಧಕ್ಕೆ ನಿಲ್ಲಿಸಿ, ಅಲ್ಲೇ ಡ್ರಾಪ್ ಆರ್ಮ್ ಮತ್ತು ವೀಲ್ ನೇರ ಕೂರಿಸಿ, ಉಳಿದ ವ್ಯತ್ಯಾಸ ಡ್ರ್ಯಾಗ್ ಲಿಂಕಿನ ಉದ್ದದಲ್ಲಿ ತೆಗೆಯಿರಿ. ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಆಕ್ಸಲ್‌ನ ಸ್ಟಾಪ್ ಬೋಲ್ಟ್ ಮೊದಲು ತಾಗಬೇಕು, ಬಾಕ್ಸಿನ ಒಳಗಿನ ತುದಿ ಅಲ್ಲ. ಬ್ರೇಕ್ ಪೈಪು, ಟೈರು, ಸ್ಪ್ರಿಂಗ್ ಯಾವುದಕ್ಕೂ ಡ್ರ್ಯಾಗ್ ಲಿಂಕ್ ತಾಗದಂತೆ ನೋಡಿ, ಗಾಲಿ ಜಾಕ್ ಮೇಲಿದ್ದಾಗ ಒಮ್ಮೆ, ನೆಲದ ಮೇಲೆ ಲೋಡ್ ಹಾಕಿ ಒಮ್ಮೆ. 100 ಕಿ.ಮೀ. ಓಡಿದ ಮೇಲೆ ಬಾಕ್ಸ್ ಬೋಲ್ಟ್, ಜಾಯಿಂಟ್ ಬೋಲ್ಟ್, ಡ್ರಾಪ್ ಆರ್ಮ್ ನಟ್ ಮತ್ತೆ ಬಿಗಿ ನೋಡಿ. ಪ್ರತಿ ನಟ್ ಮೇಲೂ ಬಣ್ಣದ ಗೆರೆ ಎಳೆದಿಟ್ಟರೆ ಸರಿದದ್ದು ಗೊತ್ತಾಗುತ್ತದೆ.